ಹೇಂಟೆಯ ಕಾವು, ಪೆಟ್ಟಿಗೆಯ ಕಾವು

‘ಕಾಯುವುದು’ ಎಂಬ ನಮ್ಮ ಮಾತಿಗೆ ಬಿಸಿಯಾಗುವುದು ಎಂಬ ಅರ್ಥವಿದೆ. ಕಾಪಾಡುವುದು ಎಂಬ ಅರ್ಥವಿದೆ. ಎದುರು ನೋಡುವುದು ಎಂಬ ಅರ್ಥವೂ ಇದೆ. ಮೊಟ್ಟೆಯ ಮೇಲೆ ಕುಳಿತ ಹೇಂಟೆ 21 ದಿನಗಳ ಕಾಲ ಈ ಮೂರನ್ನೂ ಒಟ್ಟಿಗೆ ಮಾಡುತ್ತದೆ. ಆ ಕೆಲಸವನ್ನು ಹೇಂಟೆಯಿಂದ ಬಿಡಿಸಿಕೊಂಡು ತಾನೇ ಮಾಡಬೇಕೆಂದು ಮನುಷ್ಯನು ಹೊರಟು ಎರಡು ಸಾವಿರ ವರ್ಷಗಳ ಮೇಲಾಯಿತು. ನೀವು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಹಿತ್ತಿಲುಳ್ಳ ಮನೆಯವರಾಗಿದ್ದು, ಹೆಚ್ಚು ದುಡ್ಡು ಸುರಿಯದೆ ಈ ಸಲ ಒಂದು ಹತ್ತು ಮರಿ ಮಾಡಿಸೋಣವೆಂದು ಯೋಚಿಸುತ್ತಿದ್ದರೆ, ಆ ಹಳೆಯ ಕಥೆಯನ್ನು ಸ್ವಲ್ಪ ಕೇಳಿ. ಹೊಸಬರು ಎಡವುವ ಜಾಗಗಳೆಲ್ಲ ಅದರಲ್ಲಿ ಬರುತ್ತವೆ.

ಕೋಳಿಯ ಪೂರ್ವಜರನ್ನು ಹುಡುಕಲು ಕೊಡಗಿನವರು ದೂರ ಹೋಗಬೇಕಾಗಿಲ್ಲ. ಕಾಫಿ ತೋಟದ ಅಂಚಿನಲ್ಲಿ ನಸುಕಿಗೆ ಕೂಗುವ ಬೂದು ಕಾಡುಕೋಳಿಯನ್ನು ನೀವು ಕೇಳಿಯೇ ಇರುತ್ತೀರಿ. 1813ರಲ್ಲಿ ಟೆಮ್ಮಿಂಕ್ ಎಂಬ ಡಚ್ ಪಂಡಿತನು ಅದಕ್ಕೆ ಸೊನೆರಾ ಎಂಬ ಫ್ರೆಂಚ್ ಪ್ರವಾಸಿಯ ಹೆಸರನ್ನು ಸೇರಿಸಿ ಶಾಸ್ತ್ರೀಯ ನಾಮಕರಣ ಮಾಡಿದನು. ನಾವು ಸಾಕುವ ಕೋಳಿ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯೊಂದರ ಸಂತಾನವೇ ಎಂದು ಡಾರ್ವಿನ್ನನು ನಂಬಿದ್ದನು. ಅದು ಬಹುಪಾಲು ಸರಿಯೆ. ಆದರೆ ಸಾಕುಕೋಳಿಯ ಹಳದಿ ಚರ್ಮದ ಗುಣ ಬಂದದ್ದು ಮಾತ್ರ ನಮ್ಮ ದಕ್ಷಿಣದ ಬೂದು ಕಾಡುಕೋಳಿಯಿಂದ ಎಂದು ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ನಿಮ್ಮ ಅಂಗಳದ ಕೋಳಿಯ ಕಾಲು ಹಳದಿಯಾಗಿದ್ದರೆ ಅದು ಈ ಕಾಡಿನ ನೆಂಟಸ್ತಿಕೆಯ ಗುರುತು. ಹಾಗೆಂದು ಕಾಡುಕೋಳಿಯ ಮೊಟ್ಟೆಯನ್ನು ಮನೆಗೆ ತಂದು ಕಾವಿಗೆ ಇಡುವ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ.

ಕೊಡಗಿನಲ್ಲಿ ಕೋಳಿ ಬರೀ ಅಡಿಗೆಮನೆಯ ಸಾಮಗ್ರಿಯಲ್ಲ. ಗುರುಕಾರೋಣರಿಗೆ ಮೀದಿ ಇಡುವಾಗ ಅದು ಬೇಕು; ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮೈ ಬೆಚ್ಚಗಾಗಲು ನಾಟಿಕೋಳಿಯ ಸಾರು ಬೇಕು; ನೆಂಟರು ಬಂದರೆ ನೂಪುಟ್ಟಿನ ಜೊತೆಗೆ ಬೇಕು. ಇಷ್ಟಕ್ಕೂ ಆಧಾರವಾದದ್ದು ಮನೆಯ ಮೂಲೆಯಲ್ಲೊಂದು ಬುಟ್ಟಿ, ಒಂದಿಷ್ಟು ಒಣಹುಲ್ಲು, ಕಾವಿಗೆ ಬಂದ ಒಂದು ಹೇಂಟೆ. ನಮ್ಮ ಸಾಹಿತ್ಯ ಈ ಹೇಂಟೆಗೆ ಅಷ್ಟು ಮರ್ಯಾದೆ ತೋರಿಸಿಲ್ಲವೆಂದೇ ಹೇಳಬೇಕು. 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯಿಂದಾಗಿ ಹಿಟ್ಟಿನ ಹುಂಜವನ್ನು ಕನ್ನಡಿಗರೆಲ್ಲರೂ ಬಲ್ಲರು, ಹಸಿವು ನೀರಡಿಕೆ ಮರೆತು ಮೂರು ವಾರ ಕುಳಿತ ಹೇಂಟೆಯನ್ನು ಕೇಳುವವರಿಲ್ಲ.

ದಕ್ಷಿಣದ ಹಳ್ಳಿಗಳಲ್ಲಿ ಮೊಟ್ಟೆ ಇಟ್ಟ ಬುಟ್ಟಿಯೊಳಗೆ ಒಂದು ಕಬ್ಬಿಣದ ಚೂರನ್ನೋ ಇದ್ದಿಲನ್ನೋ ಹಾಕುವುದನ್ನು ನೀವು ನೋಡಿರಬಹುದು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಹಾಗೆ ಮಾಡುತ್ತಾರೆ. ಇದು ನಮ್ಮವರದೇ ಕಲ್ಪನೆಯೆಂದು ತಿಳಿಯಬೇಡಿ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಕೃಷಿಯ ಮೇಲೆ ದೊಡ್ಡ ಗ್ರಂಥ ಬರೆದ ಕೊಲುಮೆಲ್ಲ ಎಂಬ ರೋಮನನು, ಗುಡುಗಿನ ದೋಷ ತಟ್ಟದಿರಲೆಂದು ಹುಲ್ಲಿನ ಕೆಳಗೆ ಬೆಳ್ಳುಳ್ಳಿಯನ್ನೂ ಕಬ್ಬಿಣದ ಮೊಳೆಗಳನ್ನೂ ಇಡುವ ರೂಢಿಯನ್ನು ಹೇಳುತ್ತಾನೆ. ಮೊಟ್ಟೆಗಳ ಲೆಕ್ಕ ಬೆಸವಾಗಿರಬೇಕೆಂದೂ, ಜನವರಿಯಲ್ಲಿ 15, ಮಾರ್ಚಿಯಲ್ಲಿ 19, ಏಪ್ರಿಲಿನಲ್ಲಿ 21 ಇಡಬೇಕೆಂದೂ ಆತನ ವಿಧಿ. ಬೆಸವೋ ಸರಿಯೋ ಮರಿಗೆ ಹೇಗೆ ತಿಳಿಯಬೇಕು! ಚಳಿಯಲ್ಲಿ ಕಡಿಮೆ, ಸೆಕೆಯಲ್ಲಿ ಹೆಚ್ಚು ಎಂಬುದಷ್ಟೇ ಅದರಲ್ಲಿ ಹುರುಳುಳ್ಳ ಮಾತು. ನಮ್ಮ ನಾಟಿ ಹೇಂಟೆ ಮೈಯಲ್ಲಿ ಸಣ್ಣದು. 10–12 ಮೊಟ್ಟೆಗಿಂತ ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಗುಡುಗಿನ ವಿಷಯದಲ್ಲಿ ನನಗೆ ತೋರುವುದು ಹೀಗೆ: ನಮ್ಮಲ್ಲಿ ಗುಡುಗಿನ ಕಾಲವೆಂದರೆ ಏಪ್ರಿಲು, ಮೇ. ಆಗ ಬೆಚ್ಚಗಿನ ಅಡಿಗೆಮನೆಯಲ್ಲಿ ಹದಿನೈದು ದಿನ ಕೂಡಿಟ್ಟ ಮೊಟ್ಟೆಯೊಳಗೆ ಜೀವ ಅರೆಬರೆ ಮೊಳೆತು ಸಾಯುತ್ತದೆ. ಅಪವಾದ ಮಾತ್ರ ಗುಡುಗಿನ ತಲೆಗೆ. ಮೊಟ್ಟೆಯನ್ನು ತಂಪಾದ ಜಾಗದಲ್ಲಿ, ಚೂಪು ತುದಿ ಕೆಳಗಾಗಿ, ಒಂದು ವಾರಕ್ಕಿಂತ ಹೆಚ್ಚು ಇಡದಿದ್ದರೆ ಮೊಳೆಯೂ ಬೇಡ, ಬೆಳ್ಳುಳ್ಳಿಯೂ ಬೇಡ.

ಹೇಂಟೆ ಇಲ್ಲದೆ ಮರಿ ಮಾಡಿಸಿದವರ ಕಥೆಗಳು ಇನ್ನೂ ಸ್ವಾರಸ್ಯವಾಗಿವೆ. ಸಿರಾಕ್ಯೂಸ್ ನಗರದ ಒಬ್ಬ ಕುಡುಕನು ತನ್ನ ಚಾಪೆಯ ಕೆಳಗೆ ಮೊಟ್ಟೆಗಳನ್ನಿಟ್ಟು, ಅವು ಒಡೆದು ಮರಿಯಾಗುವವರೆಗೂ ಎಡೆಬಿಡದೆ ಕುಡಿಯುತ್ತ ಕುಳಿತಿದ್ದನೆಂದು ಅರಿಸ್ಟಾಟಲನು ಬರೆದಿದ್ದಾನೆ. ರೋಮಿನ ಲಿವಿಯಾ ಎಂಬಾಕೆಯ ಪ್ರಯೋಗ ಅದಕ್ಕಿಂತ ಗೌರವದ್ದು. ಮುಂದೆ ಚಕ್ರವರ್ತಿಯಾದ ಟೈಬೀರಿಯಸನು ಹೊಟ್ಟೆಯಲ್ಲಿದ್ದಾಗ, ಹುಟ್ಟುವುದು ಗಂಡೋ ಹೆಣ್ಣೋ ಎಂದು ತಿಳಿಯಲು ಆಕೆ ಒಂದು ಮೊಟ್ಟೆಯನ್ನು ಎದೆಯ ಬಳಿ ಇಟ್ಟುಕೊಂಡು ಕಾವು ಕೊಟ್ಟಳಂತೆ. ತಾನು ತೆಗೆದಿಡಬೇಕಾದಾಗ ಕಾವು ತಪ್ಪದಂತೆ ದಾದಿಯ ಮಡಿಲಿಗೆ ಕೊಡುತ್ತಿದ್ದಳಂತೆ. ಹುಂಜದ ಮರಿ ಹುಟ್ಟಿತು. ಈ ಕಥೆ ಹೇಳಿದ ಪ್ಲಿನಿಯು ಮುಂದುವರಿದು, ಬೆಚ್ಚಗಿನ ಜಾಗದಲ್ಲಿ ಹೊಟ್ಟಿನ ನಡುವೆ ಮೊಟ್ಟೆಗಳನ್ನಿಟ್ಟು, ಹದವಾದ ಬೆಂಕಿಯಿಂದ ಕಾಯಿಸಿ, ಒಬ್ಬ ಮನುಷ್ಯ ಅವನ್ನು ತಿರುಗಿಸುತ್ತಿರುವ ಹೊಸ ಉಪಾಯ ಬಹುಶಃ ಇದರಿಂದಲೇ ಹುಟ್ಟಿರಬೇಕೆನ್ನುತ್ತಾನೆ. ಹೊಟ್ಟು, ಹದವಾದ ಬೆಂಕಿ, ತಿರುಗಿಸುವ ಕೈ: ಬಡವನ ಯಂತ್ರ ಇಷ್ಟರಲ್ಲೇ ಮುಗಿಯಿತು.

ಈಜಿಪ್ಟಿನವರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. ಹಸಿ ಇಟ್ಟಿಗೆಯ ಗೂಡುಗಳು. ಕೆಳಗಿನ ಕೋಣೆಯಲ್ಲಿ ಮೊಟ್ಟೆ, ಮೇಲಿನದರಲ್ಲಿ ಸಗಣಿ ಮತ್ತು ಹುಲ್ಲಿನ ಉರಿ. ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿಯೇ ಶಾಖದ ಹದ ಹೇಳುತ್ತಿದ್ದರು. ಈ ವಿದ್ಯೆ ತಂದೆಯಿಂದ ಮಗನಿಗೆ ಗುಟ್ಟಾಗಿ ಬರುತ್ತಿತ್ತು. ಫ್ರಾನ್ಸಿನ ರೆಯೊಮ್ಯೂರ್ ಆ ಗೂಡುಗಳ ವಿವರವನ್ನು 1749ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿ, ತಾನೇ ಕುದುರೆ ಲದ್ದಿಯ ಶಾಖದಿಂದ ಮರಿ ಮಾಡಿಸಿ ನೋಡಿದನು. ಶಾಖವನ್ನು ಅಳೆಯಲು ಒಂದು ಮಾಪನವನ್ನೇ ಕಟ್ಟಿದ ಆತನು ರೆಪ್ಪೆಯ ಜಾಗಕ್ಕೆ ಥರ್ಮಾಮೀಟರನ್ನು ತಂದನು. ಅದಕ್ಕೂ ಮೊದಲು, 1633ರಲ್ಲಿ ತೀರಿಕೊಂಡ ಡ್ರೆಬೆಲ್ ಎಂಬ ಡಚ್ಚನು, ಶಾಖ ಏರಿದರೆ ತಾನಾಗಿ ಉರಿ ತಗ್ಗಿಸುವ ಉಪಕರಣವನ್ನು ಕೋಳಿಮೊಟ್ಟೆಗಾಗಿಯೇ ರಚಿಸಿದ್ದನು. 1881ರಲ್ಲಿ ಇಂಗ್ಲೆಂಡಿನ ಹಿಯರ್ಸನ್ ಈಥರ್ ತುಂಬಿದ ಪುಟ್ಟ ತಗಡಿನ ಬಿಲ್ಲೆಯಿಂದ ದೀಪದ ಶಾಖವನ್ನು ಹತೋಟಿಗೆ ತಂದ ಮೇಲೆ, ಪೆಟ್ಟಿಗೆಯ ಕಾವು ಮಾಮೂಲು ಸಂಗತಿಯಾಯಿತು.

ಇದರಿಂದ ಒಂದು ನಷ್ಟವೂ ಆಯಿತು. ಯಂತ್ರ ಕಾವು ಕೊಡುವಾಗ ಹೇಂಟೆ ಏಕೆ ಕೂರಬೇಕು? ಕೂತಷ್ಟು ದಿನ ಅದು ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಕೂರದ ಕೋಳಿಗಳನ್ನೇ ಆರಿಸಿ ಬೆಳೆಸಿದರು. ಬಿಳಿ ಲೆಗಾರ್ನ್ ಅಂಥದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿಯೇ ಎರಡನೆಯ ಪಂಚವಾರ್ಷಿಕ ಯೋಜನೆ ಆರಂಭವಾಗಿ, ಸುಧಾರಿತ ತಳಿಗಳನ್ನು ಹಳ್ಳಿಗೆ ಮುಟ್ಟಿಸುವ ಕಾರ್ಯಕ್ರಮ ದೇಶದಲ್ಲೆಲ್ಲ ನಡೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಿರಿರಾಜ, ಹೆಸರಘಟ್ಟದ ಕೇಂದ್ರ ಕ್ಷೇತ್ರದಿಂದ ಬಂದ ಕಾವೇರಿ ಇವು ಹಿತ್ತಿಲಿಗೆ ಒಪ್ಪುವ ಒಳ್ಳೆಯ ಕೋಳಿಗಳೆ. ಆದರೆ ಹೆಚ್ಚು ಮೊಟ್ಟೆ ಇಡುವ ಇಂಥ ಕೋಳಿಗಳಿಂದ ಕಾವನ್ನು ನಿರೀಕ್ಷಿಸಬೇಡಿ. ಅವುಗಳ ಮೊಟ್ಟೆಗೂ ನಾಟಿ ಹೇಂಟೆಯೇ ಬೇಕು. ಹೊಸಬರಿಗೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ನಂಬಿಗೆಯ ಯಂತ್ರ ಪಕ್ಕದ ಮನೆಯಿಂದ ಒಂದು ತಿಂಗಳ ಮಟ್ಟಿಗೆ ಎರವಲು ತಂದ ಕಾವಿನ ಹೇಂಟೆ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಮಾರುವ ಫಾರಂ ಮೊಟ್ಟೆಯನ್ನು ಮಾತ್ರ ಅದರ ಕೆಳಗಿಡಬೇಡಿ. ಹುಂಜವಿಲ್ಲದ ಕಡೆ ಇಟ್ಟ ಆ ಮೊಟ್ಟೆಯಲ್ಲಿ ಮರಿ ಇರುವುದೇ ಇಲ್ಲ.

ಹೇಂಟೆ ಸಿಕ್ಕದಿದ್ದರೆ ಥರ್ಮೋಕೋಲ್ ಪೆಟ್ಟಿಗೆ, ಹಳೆಯ ಬಗೆಯ ತಂತಿಯ ಬಲ್ಬು, ಥರ್ಮಾಮೀಟರು, ಶಾಖ ಮಿತಿಮೀರದಂತೆ ತಡೆಯುವ ಒಂದು ಥರ್ಮೋಸ್ಟಾಟು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಸಾಕಷ್ಟು ಶಾಖ ಕೊಡುವುದಿಲ್ಲ. ಪೆಟ್ಟಿಗೆಯೊಳಗೆ ಫ್ಯಾನಿದ್ದರೆ 37.5 ಡಿಗ್ರಿ ಸೆಲ್ಸಿಯಸ್. ಇಲ್ಲದಿದ್ದರೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಸುಮಾರು 38.5 ಇರಬೇಕು. ಇಲ್ಲಿ ಕೊಡಗಿನವರು ಮೋಸಹೋಗುವ ಒಂದು ಅಂಶವಿದೆ. ಹೊರಗೆ ಮಳೆ ಸುರಿಯುವಾಗ ಪೆಟ್ಟಿಗೆಯಲ್ಲಿ ನೀರೇಕೆ ಎನ್ನಿಸುತ್ತದೆ. ಆದರೆ 20 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವವಿರುವ ಜುಲೈ ತಿಂಗಳ ಗಾಳಿಯನ್ನು 37.5ಕ್ಕೆ ಕಾಯಿಸಿದರೆ ಅದರ ತೇವಾಂಶ ಶೇಕಡಾ 33ರ ಸುಮಾರಿಗೆ ಇಳಿಯುತ್ತದೆ! ಬೇಕಾದದ್ದು 18ನೆಯ ದಿನದವರೆಗೆ ಶೇಕಡಾ 55, ಅಲ್ಲಿಂದ ಮುಂದೆ 65ರಿಂದ 70. ಆದ್ದರಿಂದ ಕಕ್ಕಡದಲ್ಲಾದರೂ ಪೆಟ್ಟಿಗೆಯೊಳಗೆ ನೀರಿನ ಬಟ್ಟಲು ಇರಲೇಬೇಕು. ಮರ ಬಿದ್ದು ತಂತಿ ಹರಿದು ಕರೆಂಟು ಹೋಗುವ ಆ ದಿನಗಳಲ್ಲಿ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿಗಳನ್ನು ಒಳಗಿಟ್ಟು, ಲಿವಿಯಾಳೂ ದಾದಿಯೂ ಮಾಡಿದಂತೆ ಮನೆಮಂದಿಯೆಲ್ಲ ಸರದಿಯ ಮೇಲೆ ಕಾಯಬೇಕಾಗುತ್ತದೆ.

ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಿಂದ ಗುರುತು ಹಾಕಿ, ದಿನಕ್ಕೆ ಮೂರು ಇಲ್ಲವೆ ಐದು ಸಲ ಹೊರಳಿಸಿ. ಹೊರಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಏಳನೆಯ ರಾತ್ರಿ ಕತ್ತಲ ಕೋಣೆಯಲ್ಲಿ ಟಾರ್ಚಿನ ಮೇಲೆ ಹಿಡಿದು ನೋಡಿ: ಜೇಡದ ಬಲೆಯಂತೆ ಕೆಂಪು ನರಗಳು ಕಂಡರೆ ಜೀವವಿದೆ, ಒಂದೇ ಸಮನಾಗಿ ತಿಳಿಯಾಗಿದ್ದರೆ ಗೊಡ್ಡು. ಪ್ಲಿನಿ ಇದನ್ನು ನಾಲ್ಕನೆಯ ದಿನವೇ ನೋಡಬೇಕೆಂದಿದ್ದಾನೆ. ಹೊಸ ಕಣ್ಣಿಗೆ ಏಳನೆಯ ದಿನ ಸುಲಭ. 18ನೆಯ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿ, ಮುಚ್ಚಳವನ್ನು ತೆರೆಯಬೇಡಿ. ಚಿಪ್ಪಿನಲ್ಲಿ ತೂತು ಬಿದ್ದ ಮೇಲೆ ಮರಿ ಹೊರಬರಲು ಹನ್ನೆರಡು ಗಂಟೆಯೂ ಆದೀತು, ಒಂದು ದಿನವೂ ಆದೀತು. ಕರುಣೆಯಿಂದ ಚಿಪ್ಪು ಬಿಡಿಸಲು ಹೋದರೆ ರಕ್ತನಾಳ ಹರಿಯುತ್ತದೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇರುವುದರಿಂದ ಎರಡು ದಿನ ಅದು ಉಪವಾಸ ತಡೆಯಬಲ್ಲದು, ಅವಸರವೇನೂ ಇಲ್ಲ. ಆಮೇಲೆ ನುಣ್ಣಗಿನ ನುಚ್ಚು, ಮರಿಗಳ ಆಹಾರ, ಆಳವಿಲ್ಲದ ತಟ್ಟೆಯಲ್ಲಿ ನೀರು. ಕೊಕ್ಕರೆ ರೋಗದ ಲಸಿಕೆಯ ಹನಿಯನ್ನು ಮೊದಲ ವಾರದಲ್ಲೇ ಪಶುವೈದ್ಯರನ್ನು ಕೇಳಿ ಹಾಕಿಸಿ. ಇಡುವ ಕಾಲ ಯಾವುದೆಂದರೆ, ಪುತ್ತರಿ ಕಳೆದ ಮೇಲೆ ಡಿಸೆಂಬರು, ಜನವರಿ. ಆಗ ಹುಟ್ಟಿದ ಮರಿಗಳು ಜೂನಿನ ಮಳೆ ಹಿಡಿಯುವ ಹೊತ್ತಿಗೆ ಗೂಡಿನ ಅಡ್ಡಕೋಲನ್ನು ತಾವೇ ಹತ್ತಿ ಕೂರುವಷ್ಟು ಬೆಳೆದಿರುತ್ತವೆ.