ಫಡೆಪ್ಪ ಓಡಿದ ದೂರ

1920ರ ಆಗಸ್ಟ್ 22ರಂದು ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನಿನ ಫಲಿತಾಂಶದ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಊರು ಬೆಳಗಾವಿ. ತೆಗೆದುಕೊಂಡ ಹೊತ್ತು 2 ಗಂಟೆ 50 ನಿಮಿಷ 45 ಸೆಕೆಂಡು, ಮೇಲೊಂದಿಷ್ಟು. ಗೆದ್ದವನು ಫಿನ್ಲೆಂಡಿನ ಹನ್ನೆಸ್ ಕೊಲೆಮೈನೆನ್. ಅವನಿಗೂ ಫಡೆಪ್ಪನಿಗೂ ಇದ್ದ ಅಂತರ ಹದಿನೆಂಟು ನಿಮಿಷ.

ಹತ್ತೊಂಬತ್ತನೆಯ ಸ್ಥಾನ ಯಾರ ನೆನಪಿನಲ್ಲೂ ಉಳಿಯುವಂಥದ್ದಲ್ಲ. ಆದರೆ ಆ ದಿನದ ದೂರವನ್ನು ನೋಡಿ. ಈಗ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್, ಆಂಟ್‌ವರ್ಪಿನಲ್ಲಿ ಓಡಿಸಿದ್ದು 42.75. ಒಲಿಂಪಿಕ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಭಾಗಿಸಿ ನೋಡಿದರೆ ಫಡೆಪ್ಪ ಪ್ರತಿ ಕಿಲೋಮೀಟರಿಗೆ ನಾಲ್ಕು ನಿಮಿಷವನ್ನೂ ಪೂರ್ತಿ ತೆಗೆದುಕೊಂಡಿಲ್ಲ. ಅದೇ ವೇಗದಲ್ಲಿ ಇವತ್ತಿನ ಹಾಫ್ ಮ್ಯಾರಥಾನ್ 1 ಗಂಟೆ 24 ನಿಮಿಷಕ್ಕೆ ಮುಗಿಯುತ್ತದೆ. ಭಾನುವಾರದ ಓಟಗಳಲ್ಲಿ ಪಾಲ್ಗೊಳ್ಳುವ ಗೆಳೆಯರನ್ನು ಕೇಳಿ, ಆ ಹೊತ್ತಿನ ಬೆಲೆ ಏನೆಂದು ಅವರು ಹೇಳುತ್ತಾರೆ. ಫಡೆಪ್ಪ ಅಂಥ ಎರಡನ್ನು ಒಂದೇ ಉಸುರಿಗೆ ಓಡಿ, ಮೇಲೆ ಅರ್ಧ ಕಿಲೋಮೀಟರ್ ಹೆಚ್ಚಿಗೆ ಓಡಿದ್ದ.

ಅವನು ಅಲ್ಲಿಗೆ ಹೋದದ್ದು ದೊರಾಬ್ಜಿ ಟಾಟಾ ಕಟ್ಟಿದ ತಂಡದಲ್ಲಿ. ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದ ಟಾಟಾ, 1919ರ ಸುಮಾರಿಗೆ ಅಲ್ಲಿನ ಕ್ರೀಡಾಕೂಟದಲ್ಲಿ ಓಡಿದ ಹುಡುಗರನ್ನು ನೋಡಿ ಬೆರಗಾದರು. ಹತ್ತು ವರ್ಷದ ಬಳಿಕ, 1929ರಲ್ಲಿ, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅವರು ಆ ದಿನವನ್ನು ನೆನೆದಿದ್ದಾರೆ: ಓಡಿದವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು, ತಿನ್ನುವುದು ಬಡ ಊಟ, ತರಬೇತಿ ಎಂದರೇನೆಂದೇ ತಿಳಿಯದವರು, ಆದರೂ ಅವರ ಹೊತ್ತು ಯುರೋಪಿನವರದಕ್ಕೆ ಹತ್ತಿರವಿತ್ತು. ಟಾಟಾ ತಮ್ಮ ಜೇಬಿನಿಂದಲೂ ಹಣ ಹಾಕಿ ಆರು ಜನರನ್ನು ಕಳಿಸಿದರು. ಅವರಲ್ಲಿ ಇಬ್ಬರು ನಮ್ಮ ಕಡೆಯವರು: ಬೆಳಗಾವಿಯ ಫಡೆಪ್ಪ, ಹುಬ್ಬಳ್ಳಿಯ ಕೈಕಾಡಿ. ಭಾರತದ ಒಲಿಂಪಿಕ್ ಕಥೆಯನ್ನು ಹಾಕಿಯಿಂದ ಶುರುಮಾಡುವ ರೂಢಿ ನಮಗಿದೆ. ಹಾಕಿಯ ಚಿನ್ನ ಬಂದದ್ದು 1928ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲಿನದು ಈ ಓಟ.

'ರೈತರ ಮಕ್ಕಳು' ಎಂಬ ಆ ಮಾತನ್ನು ಹಾಗೇ ದಾಟಿ ಹೋಗಬಾರದು. ಇಂಗ್ಲೆಂಡಿನಲ್ಲಿ 1866ರಲ್ಲಿ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಕ್ಲಬ್ಬು 'ಅಮೆಚೂರ್' ಅಂದರೆ ಯಾರು ಎಂದು ವಿವರಿಸುವಾಗ ಯಂತ್ರದ ಕೆಲಸಗಾರ, ಕುಶಲಕರ್ಮಿ, ಕೂಲಿಕಾರರನ್ನು ಹೊರಗಿಟ್ಟಿತ್ತು. ದುಡಿದು ಗಟ್ಟಿಯಾದ ಮೈಗೆ ಅನ್ಯಾಯದ ಅನುಕೂಲವಿದೆ ಎಂಬುದು ಒಂದು ನೆಪ. ಜಂಟಲ್‌ಮನ್ನರು ಕೂಲಿಯವನ ಮುಂದೆ ಸೋಲಬಾರದೆಂಬುದು ನಿಜವಾದ ಕಾರಣ ಎಂದು ನನಗನ್ನಿಸುತ್ತದೆ. 1880ರ ಹೊತ್ತಿಗೆ ಆ ನಿಯಮ ಓಟದಿಂದ ಕಳಚಿಬಿತ್ತು, ಅದರ ನೆರಳು ಬಹುಕಾಲ ಉಳಿಯಿತು. ಆಂಟ್‌ವರ್ಪಿನಲ್ಲಿ ಗೆದ್ದ ಕೊಲೆಮೈನೆನ್ ಅಮೆರಿಕದಲ್ಲಿ ಇಟ್ಟಿಗೆ ಕಟ್ಟುವ ಗೌಂಡಿ. ಹತ್ತೊಂಬತ್ತನೆಯವನು, ಟಾಟಾರ ವಿವರಣೆಯನ್ನು ನಂಬಿದರೆ, ಹೊಲದಿಂದ ಬಂದ ಹುಡುಗ. ಬಿಡುವಿದ್ದವರ ಆಟವೆಂದು ಕಟ್ಟಿದ ಕೂಟದ ಅತಿ ಕಠಿಣ ಓಟದಲ್ಲಿ ಬಿಡುವಿಲ್ಲದವರೇ ಓಡುತ್ತಿದ್ದರು.

ಹೆಸರಿನ ಬಗ್ಗೆ ಒಂದು ಮಾತು. ಚೌಗುಲೆ ಅಥವಾ ಚೌಗಲಾ ಎಂಬುದು ದಖ್ಖನಿನ ಊರುಗಳಲ್ಲಿ ಪಾಟೀಲನ ಕೈಕೆಳಗಿನ ಹಳೆಯ ಹುದ್ದೆ. ಮರಾಠಿ ದಫ್ತರಗಳಲ್ಲಿ ಸಿಗುವ ಪದ. ಫಡೆಪ್ಪ, ದರೆಪ್ಪ ಎಂಬಲ್ಲಿನ 'ಅಪ್ಪ' ಮಾತ್ರ ಕನ್ನಡದ್ದು. ಇಬ್ಬರೂ ಅವನನ್ನು ತಮ್ಮವನೆನ್ನಬಹುದು, ಯಾರೂ ಅಷ್ಟಾಗಿ ಅಂದಿಲ್ಲ. ಗಡಿಯ ಜಗಳದಲ್ಲಿ ನಾವು ಶಾಸನ ತೋರಿಸುತ್ತೇವೆ, ಜನಗಣತಿ ತೋರಿಸುತ್ತೇವೆ. ಓಟಗಾರನನ್ನು ತೋರಿಸಿದ್ದು ಕಡಿಮೆ. ಅವನು ಓಡಿದ ಕಾಲಕ್ಕೆ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು, ಪಕ್ಕದ ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು.

ಈ ಭಾಗದಲ್ಲಿ ಪಂದ್ಯಕ್ಕೆ ಇವತ್ತಿಗೂ 'ಶರ್ಯತ್ತು' ಅನ್ನುತ್ತಾರೆ: ಗಾಡಿ ಶರ್ಯತ್ತು, ಓಡೂ ಶರ್ಯತ್ತು. ಮರಾಠಿಯಿಂದ ಬಂದು ಕನ್ನಡದ ಬಾಯಲ್ಲಿ ಕೂತ ಮಾತು. ಇನ್ನೊಂದು ಪದ ನೋಡಿ. 'ನವೋದಯದ ಹರಿಕಾರ' ಎಂದೆಲ್ಲ ನಾವು ಬರೆಯುತ್ತೇವಲ್ಲ, ಆ ಹರಿಕಾರ ಮೂಲದಲ್ಲಿ ಪಾರಸಿಯ ಹರ್ಕಾರಾ, ಸುದ್ದಿ ಹೊತ್ತು ಓಡುವವನು. ರೈಲು ಬರುವ ಮುನ್ನ ಟಪಾಲು ಊರಿಂದೂರಿಗೆ ಹೋಗುತ್ತಿದ್ದುದು ಭರ್ಚಿ, ಗೆಜ್ಜೆ ಹಿಡಿದ ಇಂಥ ಓಟಗಾರರ ಕಾಲಮೇಲೆ. ಅವರ ಓಟಕ್ಕೆ ಸಂಬಳವಿತ್ತು, ಪದಕ ಇರಲಿಲ್ಲ. ಪದ ಮೇಲೇರಿ ಸಾಹಿತಿಗಳಿಗೆ ಬಿರುದಾಯಿತು, ಓಡಿದವರು ಕೆಳಗೇ ಉಳಿದರು.

ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬನ್ನಿ. ಮಾಘದ ಭಾರತ ಹುಣ್ಣಿಮೆಯ ಹೊತ್ತಿಗೆ ಸಾಂಗ್ಲಿ, ಕೊಲ್ಲಾಪುರದ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು, ಭಂಡಾರ ಹಚ್ಚಿಕೊಂಡು ಜನ ಬರುತ್ತಾರೆ. ಮನೆಮಂದಿಯೆಲ್ಲ ಊರು ಬಿಟ್ಟು, ಬಯಲಲ್ಲಿ ಒಲೆ ಹೂಡಿ, ನಾಲ್ಕು ದಿನ ಇದ್ದು ಹೋಗುವುದು. ಫ್ಯಾಮಿಲಿ ವೆಕೇಶನ್ ಎಂಬ ಪದ ಇಲ್ಲಿಗೆ ತಲುಪುವ ಮೊದಲು ಅದರ ಕೆಲಸವನ್ನೆಲ್ಲ ಜಾತ್ರೆಯೇ ಮಾಡುತ್ತಿತ್ತು. ಹೊಸ ಬಗೆಯ ರಜೆ ಬಂದದ್ದು ರೈಲಿನ ಜತೆ. ಚಿಂಚಲಿ ನಿಲ್ದಾಣ ಕುಡಚಿಗೂ ರಾಯಬಾಗಕ್ಕೂ ನಡುವಿದೆ. ಅದೇ ಹಳಿ ಬೆಳಗಾವಿ, ಲೋಂಡಾ ದಾಟಿ ಗೋವೆಯ ಸಮುದ್ರಕ್ಕೆ ಇಳಿಯುತ್ತದೆ.

ಕಡಲಲ್ಲೂ ಇದೇ ಕಥೆ ಇನ್ನೊಂದು ವೇಷದಲ್ಲಿದೆ. ಅಲೆ ದಾಟುವುದು, ಉಸಿರು ಬಿಗಿಹಿಡಿದು ಮುಳುಗುವುದು ಮೊಗೇರ, ಖಾರ್ವಿಗಳ ದಿನದ ದುಡಿಮೆ. ಮುಲ್ಕಿಯ ಆಶ್ರಮದಲ್ಲಿ ಅಮೆರಿಕದ ಜಾಕ್ ಹೆಬ್ನರ್ 2004ರಲ್ಲಿ ಸರ್ಫಿಂಗ್ ಕಲಿಸತೊಡಗಿದಾಗ ಅದು ಆಟವಾಯಿತು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ನೀರೊಳಗಿನ ಮೀನು ನೋಡಿ ಬರುವುದಕ್ಕೆ ಈಗ ದರಪಟ್ಟಿ ಇದೆ. ಆದರೆ 2025ರಲ್ಲಿ ಮಹಾಬಲಿಪುರದ ಏಷ್ಯನ್ ಸರ್ಫಿಂಗಿನಲ್ಲಿ ಕಂಚು ಗೆದ್ದ ರಮೇಶ್ ಬೂದಿಹಾಳ ರಜೆಗೆಂದು ಕಡಲಿಗೆ ಹೋದವರಲ್ಲ. ಹೊಟ್ಟೆಪಾಡಿಗೆ ಕರ್ನಾಟಕದಿಂದ ಕೇರಳದ ಕೋವಳಂ ಸೇರಿದ ಮನೆತನದ ಹುಡುಗ. ಬಯಲುಸೀಮೆಯ ಅಡ್ಡಹೆಸರೊಂದು ಅಲೆಯ ಮೇಲೆ ನಿಂತಿದ್ದನ್ನು ನಮ್ಮಲ್ಲಿ ಗಮನಿಸಿದವರು ಎಷ್ಟು ಮಂದಿ?

ಟಾಟಾ ಹೆಸರು ಈಗಲೂ ಓಟದೊಂದಿಗಿದೆ. ಮುಂಬಯಿ ಮ್ಯಾರಥಾನಿಗೂ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೂ ಆ ಮನೆತನದ ಕಂಪನಿಗಳೇ ಪ್ರಾಯೋಜಕರು. ಓಡುವ ಸಾವಿರಾರು ಜನ ಶುಲ್ಕ ಕಟ್ಟಿ, ಬೂಟು ಕೊಂಡು, ಬೆಳಗಿನ ಐದಕ್ಕೆ ಎದ್ದು ಬರುತ್ತಾರೆ. ಇದನ್ನು ಹಾಸ್ಯ ಮಾಡುವುದು ಸುಲಭ, ನನಗೆ ಮನಸ್ಸಿಲ್ಲ. ಹೆಣ್ಣುಮಕ್ಕಳು ರಸ್ತೆಯಲ್ಲಿ ಒಬ್ಬರೇ ಓಡುವಂತಾದದ್ದರಲ್ಲಿ ಇಂಥ ಓಟಗಳ ಪಾಲೂ ಇದೆ. ನನ್ನ ತಕರಾರು ಚರಿತ್ರೆಕಾರರ ಬಗ್ಗೆ. ಕ್ರೀಡೆಯ ಚರಿತ್ರೆಯನ್ನು ಜಿಮ್ಖಾನಾದ ಕಡತಗಳಿಂದಲೇ ಬರೆದರೆ ಟಾಟಾರಿಗೆ ಕಂಡ ಹುಡುಗರು ಮಾತ್ರ ಸಿಗುತ್ತಾರೆ. ಚಿಕ್ಕೋಡಿ, ಅಥಣಿ, ರಾಯಬಾಗಗಳ ಜಾತ್ರಾ ಕಮಿಟಿಗಳು ಶರ್ಯತ್ತಿನ ಬಹುಮಾನಗಳನ್ನು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚು ಹಾಕಿಸುತ್ತವೆ: ಢಾಲು, ಬೆಳ್ಳಿ ಕಡ, ಇಷ್ಟು ರೂಪಾಯಿ ಎಂದು. ಜಾತ್ರೆ ಮುಗಿದ ಮೇಲೆ ಆ ಹಾಳೆಯಲ್ಲಿ ಭಜಿ ಕಟ್ಟಿ ಕೊಡುತ್ತಾರೆ. ಎಣ್ಣೆ ಹತ್ತುವ ಮೊದಲು ಅವನ್ನು ಯಾರಾದರೂ ಎತ್ತಿಡಬೇಕು.