ದಿನಕ್ಕೆ ಹದಿನೈದು ಆಣೆ

ಆಣೆ ಕಾಸುಗಳ ಲೆಕ್ಕ ನಮ್ಮ ದೇಶದಲ್ಲಿ 1957ರಲ್ಲಿ ಮುಗಿಯಿತು. ಅದನ್ನು ಬಾಯಲ್ಲೇ ಕೂಡಿ ಕಳೆಯಬಲ್ಲ ಹಿರಿಯರು ಈಗ ವಿರಳ. ಆದರೂ ನಾನು ಹೇಳಹೊರಟಿರುವ ಸಂಗತಿಗೆ ಆಣೆಗಿಂತ ಒಳ್ಳೆಯ ಅಳತೆಗೋಲು ಬೇರೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ನಮ್ಮ ಒಂದು ರೂಪಾಯಿಗೆ ಇಂಗ್ಲೆಂಡಿನಲ್ಲಿ ಹೆಚ್ಚುಕಡಮೆ ಒಂದು ಷಿಲ್ಲಿಂಗ್ ನಾಲ್ಕು ಪೆನ್ನಿ ದೊರೆಯುತ್ತಿತ್ತು. ಷಿಲ್ಲಿಂಗಿಗೆ ಹನ್ನೆರಡು ಪೆನ್ನಿ. ಎಂದರೆ ರೂಪಾಯಿಗೆ ಹದಿನಾರು ಪೆನ್ನಿ. ನಮ್ಮ ರೂಪಾಯಿಗೂ ಹದಿನಾರೇ ಆಣೆ. ಲಂಡನ್ನಿನ ಅಂಗಡಿಯ ಮುಂದೆ ನಿಂತ ಭಾರತೀಯ ವಿದ್ಯಾರ್ಥಿಗೆ ಇದರಿಂದ ಒಂದು ಸೌಕರ್ಯ ಒದಗಿತ್ತು: ಪೆನ್ನಿ ಎಂದಲ್ಲೆಲ್ಲ ಆಣೆ ಎಂದು ಓದಿಕೊಂಡರಾಯಿತು, ಲೆಕ್ಕ ತಾನಾಗಿ ಸರಿಹೋಗುತ್ತಿತ್ತು. ಲೆಕ್ಕ ಸರಿಹೋದ ಮಾತ್ರಕ್ಕೆ ಎದೆ ನಿರಾಳವಾಗುತ್ತಿತ್ತೆಂದಲ್ಲ.

ಆ ಕಾಲದಲ್ಲಿ ಲಂಡನ್ನಿಗೆ ಓದಲು ಹೋದ ನಮ್ಮವರಲ್ಲಿ ಖರ್ಚಿನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರು ಮೋಹನದಾಸ ಕರಮಚಂದ ಗಾಂಧಿ. ಅವರ ಆತ್ಮಕಥೆಯನ್ನು ಗೊರೂರು ರಾಮಸ್ವಾಮಯ್ಯಂಗಾರ್ಯರ ಅನುವಾದದಲ್ಲಿ ನಮ್ಮಲ್ಲಿ ಅನೇಕರು ಓದಿದ್ದಾರೆ. ಸತ್ಯದ ಪ್ರಯೋಗಗಳಿಗಾಗಿ ಅದನ್ನು ಓದುವುದು ವಾಡಿಕೆ. ಒಮ್ಮೆ ಜಮಾಖರ್ಚಿನ ಪುಸ್ತಕವೆಂದು ಓದಿ ನೋಡಿದರೆ ಬೇರೊಂದು ಚರಿತ್ರೆಯೇ ಕಣ್ಣಿಗೆ ಬೀಳುತ್ತದೆ.

ಮೊದಲು ಜಮಾ ಕಡೆ ನೋಡೋಣ. ಮನೆತನದ ಹಿತೈಷಿಯಾದ ಮಾವಜಿ ದವೆ ಎಂಬ ಹಿರಿಯರು ಬ್ಯಾರಿಸ್ಟರಿಕೆಗೆ ನಾಲ್ಕೈದು ಸಾವಿರ ರೂಪಾಯಿ ಸಾಕೆಂದು ಅಂದಾಜು ಮಾಡಿಕೊಟ್ಟರು. ಆ ದುಡ್ಡಾದರೂ ಎಲ್ಲಿಂದ ಬರಬೇಕು? ತಂದೆ ಗತಿಸಿದ್ದರು. ಪೋರಬಂದರಿನ ಆಡಳಿತ ನೋಡಿಕೊಳ್ಳುತ್ತಿದ್ದ ಲೇಲಿ ಸಾಹೇಬರನ್ನು ಸಂಸ್ಥಾನದ ನೆರವಿಗಾಗಿ ಹುಡುಗ ಕಂಡದ್ದಾಯಿತು, ಮೊದಲು ಬಿ.ಎ. ಮುಗಿಸಿಕೊಂಡು ಬಾ ಎಂದು ಸಾಹೇಬರು ಮೆಟ್ಟಿಲ ಮೇಲೆಯೇ ಹೇಳಿ ಸಾಗಹಾಕಿದರು. ಹೆಂಡತಿಯ ಒಡವೆ ಮಾರಿದರೆ ಎರಡು ಮೂರು ಸಾವಿರ ಹುಟ್ಟೀತೆಂದು ಹದಿನೆಂಟರ ಹುಡುಗ ಯೋಚಿಸಿದ. ಕಸ್ತೂರಬಾ ಅವರ ಮಡಿಲಲ್ಲಿ ಆಗ ಕೆಲವು ತಿಂಗಳ ಕೂಸು. ಕೊನೆಗೆ ಅಣ್ಣ ಲಕ್ಷ್ಮೀದಾಸರು ಹೇಗಾದರೂ ಮಾಡಿ ಹಣ ಹೊಂದಿಸುತ್ತೇನೆಂದು ಹೊಣೆ ಹೊತ್ತರು. ಅಷ್ಟರಲ್ಲಿ ಮುಂಬಯಿಯಲ್ಲಿ ಜಾತಿಯ ಪಂಚಾಯಿತಿ ಕೂಡಿ, ಸಮುದ್ರ ದಾಟುವ ಈ ಹುಡುಗನಿಗೆ ಬಹಿಷ್ಕಾರ ಹಾಕಿತು. ಅವನಿಗೆ ಸಹಾಯ ಮಾಡಿದವರಿಗೆ, ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಕಟ್ಟು ಮಾಡಿತು. ಹಣವನ್ನು ತನ್ನ ವಶದಲ್ಲಿಟ್ಟುಕೊಂಡಿದ್ದ ಭಾವಮೈದುನ ಈ ಕಟ್ಟಿಗೆ ಹೆದರಿ ಕೊಡಲೊಲ್ಲೆನೆಂದ. ಗೆಳೆಯನೊಬ್ಬನಿಂದ ಕೈಸಾಲ ಪಡೆದು 1888ರ ಸೆಪ್ಟೆಂಬರ್ 4ರಂದು ಹಡಗು ಹತ್ತಬೇಕಾಯಿತು.

ಇಲ್ಲಿ ಕಣ್ಣಿಗೆ ಕಾಣದ ಇನ್ನೊಂದು ದಂಡವೂ ಇತ್ತು. ಅದನ್ನು ವಿಧಿಸಿದ್ದು ಯಾವ ಪಂಚಾಯಿತಿಯೂ ಅಲ್ಲ. ನಮ್ಮ ರೂಪಾಯಿ ಬೆಳ್ಳಿಯದು, ಇಂಗ್ಲೆಂಡಿನ ಪೌಂಡು ಚಿನ್ನದ್ದು. 1870ರ ಸುಮಾರಿನವರೆಗೆ ರೂಪಾಯಿಯ ಬೆಲೆ ಎರಡು ಷಿಲ್ಲಿಂಗಿನ ಆಸುಪಾಸಿನಲ್ಲಿತ್ತು. ಆಮೇಲೆ ಜರ್ಮನಿ ಮೊದಲಾದ ಯೂರೋಪಿನ ರಾಜ್ಯಗಳು ಬೆಳ್ಳಿಯ ನಾಣ್ಯವನ್ನು ಬಿಟ್ಟು ಚಿನ್ನಕ್ಕೆ ಹೊರಳಿದವು; ಅಮೆರಿಕದ ಹೊಸ ಗಣಿಗಳಿಂದಲೂ ಬೆಳ್ಳಿ ಸುರಿಯತೊಡಗಿತು. ಬೆಳ್ಳಿ ಅಗ್ಗವಾಯಿತು, ಅದರ ಜತೆಗೆ ರೂಪಾಯಿಯೂ ಇಳಿಯಿತು. ಮಾವಜಿ ದವೆಯವರ ಐದು ಸಾವಿರ ರೂಪಾಯಿ ಇಪ್ಪತ್ತು ವರ್ಷಗಳ ಹಿಂದೆ 500 ಪೌಂಡಾಗುತ್ತಿತ್ತು. 1888ರಲ್ಲಿ ಅದು 340 ಪೌಂಡಿನ ಹತ್ತಿರಕ್ಕೆ ಬಂದು ನಿಂತಿತ್ತು. ಕಾಠಿಯಾವಾಡದಲ್ಲಿ ಅಣ್ಣ ಮಾಡುವ ಸಾಲ ಅಷ್ಟೇ, ಲಂಡನ್ನಿನಲ್ಲಿ ತಮ್ಮನ ಕೈಸೇರುವ ಹಣ ಮೂರರಲ್ಲಿ ಎರಡು ಪಾಲು.

ತಮ್ಮ ಲಂಡನ್ನಿನಲ್ಲಿ ಕಾಲಿಟ್ಟದ್ದು ಸೆಪ್ಟೆಂಬರ್ ಕೊನೆಯ ಒಂದು ಶನಿವಾರ, ಬಿಳಿಯ ಫ್ಲಾನೆಲ್ ಉಡುಪಿನಲ್ಲಿ. ಆ ಋತುವಿನಲ್ಲಿ ಬಿಳಿ ಉಟ್ಟವನು ಇಡೀ ಬಂದರಿನಲ್ಲಿ ತಾನೊಬ್ಬನೇ ಎಂಬುದು ಇಳಿದ ಮೇಲೆ ತಿಳಿಯಿತು. ಪೆಟ್ಟಿಗೆಗಳು, ಬೀಗದ ಕೈ ಎಲ್ಲವೂ ಸರಕು ಸಾಗಿಸುವ ಏಜೆಂಟರ ಬಳಿ, ಮರುದಿನ ಭಾನುವಾರ. ಸೋಮವಾರದವರೆಗೂ ಆ ಬಿಳಿಯ ಬಟ್ಟೆಯಲ್ಲೇ ನಾಚಿಕೆ ನುಂಗಿಕೊಂಡು ವಿಕ್ಟೋರಿಯಾ ಹೋಟೆಲಿನಲ್ಲಿ ಕುಳಿತದ್ದಾಯಿತು. ಹೋಟೆಲು ಬಿಡುವಾಗ ಬಂದ ಬಿಲ್ಲು ಮೂರು ಪೌಂಡು, ನಲವತ್ತೈದು ರೂಪಾಯಿಗೆ ಸ್ವಲ್ಪ ಕಡಮೆ. ಅಷ್ಟು ತೆತ್ತೂ ಹೊಟ್ಟೆ ತುಂಬಿರಲಿಲ್ಲ. ಒಂದು ಬಗೆ ರುಚಿಸದೆ ಇನ್ನೊಂದು ತರಿಸಿದರೆ ಎರಡಕ್ಕೂ ಹಣ ತೆರಬೇಕು. ಜೀವ ಹಿಡಿದದ್ದು ಮುಂಬಯಿಯಿಂದ ಕಟ್ಟಿ ತಂದ ತಿಂಡಿಯಿಂದಲೇ.

ಪರಸ್ಥಳದಲ್ಲಿ ಬಿಡಾರ ಹೂಡಿದವನಿಗೆ ಮೊದಲ ತಿಂಗಳುಗಳೇ ದುಬಾರಿ. ಬೆಲೆ ಹೆಚ್ಚೆಂಬುದಕ್ಕಿಂತಲೂ, ಯಾವುದು ಬೇಕು ಯಾವುದು ಬೇಡ ಎಂಬುದು ತಿಳಿಯದಿರುವುದು ಅದಕ್ಕೆ ಮುಖ್ಯ ಕಾರಣ. ಪಶ್ಚಿಮ ಕೆನ್ಸಿಂಗ್ಟನ್ನಿನ ವಿಧವೆಯೊಬ್ಬಳ ಮನೆಯಲ್ಲಿ ಊಟ ವಸತಿಗೆ ಏರ್ಪಾಡಾಯಿತು. ಮಾಂಸ ಮುಟ್ಟೆನೆಂದು ತಾಯಿಗೆ ಮಾತು ಕೊಟ್ಟು ಬಂದವನಿಗೆ ಅಲ್ಲಿ ಸಿಗುತ್ತಿದ್ದುದು ಎರಡು ಮೂರು ಚೂರು ರೊಟ್ಟಿ. ಇನ್ನಷ್ಟು ಬಡಿಸಿರೆಂದು ಕೇಳಲು ಸಂಕೋಚ. ಮನೆಯ ಹೆಣ್ಣುಮಕ್ಕಳಿಬ್ಬರು ಕನಿಕರದಿಂದ ಇನ್ನೊಂದು ಚೂರು ತಟ್ಟೆಗಿಡುತ್ತಿದ್ದರು, ಅದೂ ಸಾಲದು. ಬೀದಿ ಬೀದಿ ಅಲೆದು ಕಡೆಗೊಂದು ದಿನ ಫ್ಯಾರಿಂಗ್‌ಡನ್ ರಸ್ತೆಯಲ್ಲಿ ಸಸ್ಯಾಹಾರದ ಭೋಜನಾಲಯವೊಂದು ಕಣ್ಣಿಗೆ ಬಿತ್ತು. ಬಾಗಿಲಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟನ ಸಸ್ಯಾಹಾರದ ಪುಸ್ತಕವನ್ನು ಒಂದು ಷಿಲ್ಲಿಂಗ್ ಕೊಟ್ಟು ಕೊಂಡು ಒಳಗೆ ಹೋಗಿ, ಇಂಗ್ಲೆಂಡಿಗೆ ಬಂದಮೇಲೆ ಮೊದಲ ಬಾರಿಗೆ ಹೊಟ್ಟೆತುಂಬ ಉಂಡದ್ದು ಅಲ್ಲಿ.

ಹೊಟ್ಟೆ ತುಂಬಿದ ಮೇಲೆ ಸಭ್ಯನಾಗುವ ಹಂಬಲ ಹುಟ್ಟಿತು. ಈ ಪುಟ ಗಾಂಧಿಯವರ ಲೆಕ್ಕದಲ್ಲಿ ಬಹು ಸ್ವಾರಸ್ಯದ್ದು. ತಲೆಗೆ ಎತ್ತರದ ರೇಷ್ಮೆ ಹ್ಯಾಟು, 19 ಷಿಲ್ಲಿಂಗ್. ಫ್ಯಾಷನ್ನಿನ ಬೀಡಾದ ಬಾಂಡ್ ಸ್ಟ್ರೀಟಿನಲ್ಲಿ ಹೊಲಿಸಿದ ಸಂಜೆಯ ಸೂಟು, 10 ಪೌಂಡ್. ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಣಿ ಬೇಕೆಂದು ಅಣ್ಣನಿಗೆ ಬರೆದದ್ದಾಯಿತು. ಸಾಲಸೋಲದ ನಡುವೆಯೂ ಆ ಪುಣ್ಯಾತ್ಮ ಅದನ್ನು ಕಳಿಸಿಕೊಟ್ಟ. ನೃತ್ಯದ ಪಾಠಕ್ಕೆ 3 ಪೌಂಡ್. ಪಿಯಾನೋದ ತಾಳಕ್ಕೂ ಕಾಲಿಗೂ ಹೊಂದಿಕೆಯಾಗದೆ ಆರು ಪಾಠಗಳಿಗೇ ಅದು ನಿಂತಿತು. ಕಿವಿ ಪಳಗಲೆಂದು ಪಿಟೀಲು ಕಲಿಯಲು ಹೊರಟು, ಪಿಟೀಲಿಗೇ 3 ಪೌಂಡ್. ಭಾಷಣಕಲೆಯ ಗುರುವಿಗೆ ಒಂದು ಗಿನಿ. ಹುಚ್ಚು ಬಿಟ್ಟದ್ದು ಮೂರು ತಿಂಗಳಿಗೆ. ಹ್ಯಾಟಿನ ಬೆಲೆಯೊಂದೇ ಹದಿನಾಲ್ಕು ರೂಪಾಯಿ, ಸೂಟಿನದು ನೂರೈವತ್ತರ ಸಮೀಪ. ಪರದೇಶದಲ್ಲಿ ಮರ್ಯಾದೆಯೇ ಅನ್ನಕ್ಕಿಂತ ದುಬಾರಿ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಈ ಹುಚ್ಚಿನ ನಡುವೆಯೂ ಆತ ಒಂದು ಕೆಲಸವನ್ನು ಬಿಡಲಿಲ್ಲ. ಬಸ್ಸಿನ ಬಾಡಿಗೆ, ಅಂಚೆಚೀಟಿ, ಪತ್ರಿಕೆಗೆ ಕೊಟ್ಟ ಪುಡಿಗಾಸು, ಎಲ್ಲವನ್ನೂ ಬರೆದು ರಾತ್ರಿ ಮಲಗುವ ಮುನ್ನ ಬಾಕಿ ತೆಗೆಯುತ್ತಿದ್ದ. ಕಿರ್ದಿ ಬರೆಯುವವನಿಗೆ ತನ್ನ ಮುಖ ಎಂದಾದರೊಂದು ದಿನ ಅದರಲ್ಲಿ ಕಾಣದೆ ಇರದು. ಒಬ್ಬರ ಮನೆಯಲ್ಲಿ ಪರಾನ್ನದ ಅತಿಥಿಯಾಗಿರುವುದನ್ನು ಬಿಟ್ಟು ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದ. ಕೆಲಸವಿರುವ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ತಲುಪುವಂತಿರಬೇಕೆಂದು ನೋಡಿ ಆರಿಸಿಕೊಂಡ. ಗಾಡಿಯ ಬಾಡಿಗೆ ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡೆದ ದೇಹ ಗಟ್ಟಿಯಾಯಿತು. ಅರ್ಧಕ್ಕರ್ಧ ಖರ್ಚು ಇಳಿಯಿತು. ಆಮೇಲೆ ಎರಡು ಕೋಣೆ ಒಂದಾಯಿತು. ಒಂದು ಒಲೆ ಕೊಂಡದ್ದಾಯಿತು. ಬೆಳಗ್ಗೆ ಓಟ್ಸಿನ ಗಂಜಿ, ಕೋಕೋಗೆ ಬಿಸಿನೀರು: ಇಪ್ಪತ್ತು ನಿಮಿಷದ ಅಡುಗೆ. ಮಧ್ಯಾಹ್ನ ಹೊರಗೆ ಊಟ, ರಾತ್ರಿ ರೊಟ್ಟಿ ಮತ್ತು ಕೋಕೋ. ಊರಿನಿಂದ ತರಿಸಿಕೊಂಡಿದ್ದ ಸಿಹಿತಿಂಡಿ, ಮಸಾಲೆಗಳನ್ನೂ ಬಿಟ್ಟ. ದಿನದ ಆಹಾರದ ವೆಚ್ಚ ಒಂದು ಷಿಲ್ಲಿಂಗ್ ಮೂರು ಪೆನ್ನಿಗೆ ಬಂದು ನಿಂತಿತು. ನಮ್ಮ ಲೆಕ್ಕದಲ್ಲಿ ಹದಿನೈದು ಆಣೆ.

ಇದನ್ನು ಬಡತನವೆಂದು ಕರೆಯಬಹುದೆ? ಅದೇ ಊರಿನಲ್ಲಿ ಕೊಳಚೆ ಪ್ರದೇಶದ ಕೋಣೆಯೊಂದರಲ್ಲಿ ವಾರಕ್ಕೆ ಎರಡು ಷಿಲ್ಲಿಂಗ್ ಬಾಡಿಗೆ ಕೊಟ್ಟುಕೊಂಡು, ಹೊತ್ತಿಗೆ ಎರಡು ಪೆನ್ನಿಯ ಕೋಕೋ ರೊಟ್ಟಿಯಲ್ಲಿ ದಿನ ದೂಡುತ್ತಿದ್ದ ವಿದ್ಯಾರ್ಥಿಯೊಬ್ಬನ ಸಂಗತಿಯನ್ನು ಗಾಂಧಿಯವರೇ ಹೇಳುತ್ತಾರೆ. ಮುಂದೆ ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರು ಲಂಡನ್ನಿಗೆ ಹೋಗಬಯಸುವ ಭಾರತೀಯರಿಗಾಗಿ ಒಂದು ಕೈಪಿಡಿ ಬರೆದರು. ವಾರಕ್ಕೆ ಒಂದು ಪೌಂಡಿನಲ್ಲಿ ಅಲ್ಲಿ ನೆಮ್ಮದಿಯಾಗಿ ಬದುಕಬಹುದೆಂಬುದು ಅದರ ವಾದ. ಅದು ಅವರ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಒಂದು ಪೌಂಡ್ ಎಂದರೆ ಇಪ್ಪತ್ತು ಷಿಲ್ಲಿಂಗ್. ಲಂಡನ್ನಿನ ಬಡತನವನ್ನು ಬೀದಿ ಬೀದಿಯಾಗಿ ಅಳೆದ ಚಾರ್ಲ್ಸ್ ಬೂತ್ 1889ರಲ್ಲಿ ತನ್ನ ಸಮೀಕ್ಷೆಯ ಮೊದಲ ಸಂಪುಟವನ್ನು ಪ್ರಕಟಿಸಿದ. ಅವನು ಬಡವರೆಂದು ಗುರುತಿಸಿದ್ದು ವಾರಕ್ಕೆ 18ರಿಂದ 21 ಷಿಲ್ಲಿಂಗಿನಲ್ಲಿ ಒಂದು ಸಾಧಾರಣ ಸಂಸಾರವನ್ನು ತೂಗಿಸುವವರನ್ನು. ನಮ್ಮ ಒಬ್ಬ ವಿದ್ಯಾರ್ಥಿಯ ಮಿತವ್ಯಯ ಅಲ್ಲಿಯ ಒಂದು ಬಡ ಕುಟುಂಬದ ಇಡೀ ಬದುಕು. ಅದೇ ವರ್ಷ ಆಗಸ್ಟಿನಲ್ಲಿ ಬಂದರಿನ ಕೂಲಿಕಾರರು ಗಂಟೆಗೆ ಆರು ಪೆನ್ನಿ ಕೂಲಿ ಬೇಕೆಂದು ಮುಷ್ಕರ ಹೂಡಿದರು. ಸಂಧಾನಕ್ಕೆ ನೆರವಾದ ವೃದ್ಧ ಕಾರ್ಡಿನಲ್ ಮ್ಯಾನಿಂಗರನ್ನು ಅಭಿನಂದಿಸಲು ಹೋದವರಲ್ಲಿ ಗಾಂಧಿಯೂ ಒಬ್ಬರು, ಅವರ ಜತೆಗಾರ ನಾರಾಯಣ ಹೇಮಚಂದ್ರ.

ಈ ನಾರಾಯಣ ಹೇಮಚಂದ್ರರ ಹೆಸರು ಬಂದಮೇಲೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಗುಜರಾತಿಯ ಲೇಖಕ, ಒಡ್ಡೊಡ್ಡಾದ ಷರಾಯಿ, ಸುಕ್ಕುಗಟ್ಟಿದ ಕೋಟು, ಗೊಂಡೆಯ ಟೋಪಿ. ಮರ್ಯಾದೆಯ ಖರ್ಚೆಂಬುದು ಈತನ ಪುಸ್ತಕದಲ್ಲಿ ಇರಲೇ ಇಲ್ಲ. ಇಂಗ್ಲಿಷು ಸರಿಯಾಗಿ ಬಾರದಿದ್ದರೂ ಫ್ರಾನ್ಸ್, ಜರ್ಮನಿ, ಅಮೆರಿಕಗಳನ್ನೆಲ್ಲ ಕಾಣುವ ಛಲ. ಒಮ್ಮೆ ಅಂಗಿ ಪಂಚೆಯಲ್ಲೇ ಗಾಂಧಿಯವರ ಬಿಡಾರದ ಬಾಗಿಲು ತಟ್ಟಿದಾಗ ಮನೆಯ ಒಡತಿ ಯಾರೋ ಹುಚ್ಚ ಬಂದನೆಂದು ಹೌಹಾರಿದಳಂತೆ. ಇನ್ನೊಮ್ಮೆ ಆ ಮಹಾನಗರದಲ್ಲಿ ಎಲ್ಲಿಂದಲೋ ಹೆಸರುಕಾಳು ಹುಡುಕಿ ತಂದು, ಬೇಯಿಸಿ, ಗೆಳೆಯನಿಗೆ ಹೊತ್ತುತಂದರು. ಗೆಳೆಯ ಅದನ್ನು ಆನಂದದಿಂದ ತಿಂದ. ಕಾಳಿಗೆ ಎಷ್ಟು ಪೆನ್ನಿ ಕೊಟ್ಟರೆಂಬುದನ್ನು ಮಾತ್ರ ಆತ್ಮಕಥೆ ಹೇಳುವುದಿಲ್ಲ.

ಉಳಿಸಿದ ಆಣೆಗಳು ಹೋಗಿ ಸೇರುತ್ತಿದ್ದುದು ಬೇರೆಲ್ಲಿಗೋ. ಬ್ಯಾರಿಸ್ಟರಾಗಲು ಹನ್ನೆರಡು ಅವಧಿಗಳನ್ನು ಪೂರೈಸಬೇಕು. ಪೂರೈಸುವುದೆಂದರೆ ಅವಧಿಗೆ ಕಡಮೆ ಪಕ್ಷ ಆರು ಬಾರಿ ಇನ್ನರ್ ಟೆಂಪಲ್ಲಿನ ಔತಣದಲ್ಲಿ ಹಾಜರಿರುವುದು. ಉಣ್ಣಲಿ ಬಿಡಲಿ, ಊಟಕ್ಕೆ ಎರಡೂವರೆಯಿಂದ ಮೂರೂವರೆ ಷಿಲ್ಲಿಂಗ್ ತೆರಲೇಬೇಕು. ಎರಡೂವರೆ ಷಿಲ್ಲಿಂಗ್ ಎಂದರೆ ಈ ವಿದ್ಯಾರ್ಥಿಯ ಎರಡು ದಿನಗಳ ಪೂರ್ತಿ ಆಹಾರ. ಆತ ಅಲ್ಲಿ ತಿನ್ನುತ್ತಿದ್ದುದು ರೊಟ್ಟಿ, ಬೆಂದ ಆಲೂಗಡ್ಡೆ, ಎಲೆಕೋಸು. ನಾಲ್ವರಿಗೆ ಎರಡು ಸೀಸೆ ದ್ರಾಕ್ಷಾರಸ ಕೊಡುವ ಪದ್ಧತಿಯಿದ್ದುದರಿಂದ, ಕುಡಿಯದ ಈತನನ್ನು ನಾಲ್ಕನೆಯವನಾಗಿ ಕೂರಿಸಿಕೊಳ್ಳಲು ಪೈಪೋಟಿ ನಡೆಯುತ್ತಿತ್ತು!

ರೂಪಾಯಿಯ ಇಳಿತ ಇತ್ತ ಇನ್ನೊಂದು ಬಗೆಯ ಪರದೇಶವಾಸಿಗಳನ್ನೂ ಕಾಡುತ್ತಿತ್ತು. ಭಾರತದಲ್ಲಿ ಅಧಿಕಾರ ನಡೆಸುತ್ತಿದ್ದ ಇಂಗ್ಲಿಷರಿಗೆ ಸಂಬಳ ರೂಪಾಯಿಯಲ್ಲಿ. ಊರಿನಲ್ಲಿದ್ದ ಹೆಂಡತಿ ಮಕ್ಕಳಿಗೆ ಕಳಿಸಬೇಕಾದ್ದು ಪೌಂಡಿನಲ್ಲಿ. ಅವರ ಕೂಗು ಸರಕಾರಕ್ಕೆ ಬೇಗ ಕೇಳಿಸಿತು. 1893ರ ಜೂನಿನಲ್ಲಿ ಟಂಕಸಾಲೆಗಳು ಜನರಿಂದ ಬೆಳ್ಳಿ ಪಡೆದು ನಾಣ್ಯ ಹಾಕಿಕೊಡುವುದನ್ನು ನಿಲ್ಲಿಸಿದವು. ಅದೇ ವರ್ಷ ಈ ಅಧಿಕಾರಿಗಳಿಗೆ ವಿನಿಮಯ ಪರಿಹಾರ ಭತ್ಯ ಮಂಜೂರಾಯಿತು. ಸಂಬಳದ ಅರ್ಧವನ್ನು ರೂಪಾಯಿಗೆ ಒಂದೂವರೆ ಷಿಲ್ಲಿಂಗಿನಂತೆ ಲೆಕ್ಕ ಹಾಕಿ ಕೊರತೆಯನ್ನು ಭಾರತದ ಬೊಕ್ಕಸದಿಂದ ತುಂಬಿಕೊಡುವ ಏರ್ಪಾಡು. ಲಾಹೋರಿನಲ್ಲಿ ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ಸು ಇದನ್ನು ವಿರೋಧಿಸಿತು. ಲಂಡನ್ನಿನಲ್ಲಿ ಮಗನನ್ನು ಓದಿಸುತ್ತಿದ್ದ ಭಾರತೀಯ ತಂದೆಗೆ ಅಂಥ ಭತ್ಯವೇನೂ ಇರಲಿಲ್ಲ. ತನ್ನ ಮಗನಿಗೆ ಕಳಿಸುವ ಹಣದಲ್ಲಿ ಅವನು ಒಮ್ಮೆ ನಷ್ಟಪಟ್ಟ. ಸಾಹೇಬರ ನಷ್ಟ ತುಂಬಲು ಕಂದಾಯದ ರೂಪದಲ್ಲಿ ಇನ್ನೊಮ್ಮೆ ತೆತ್ತ.

1891ರ ಜೂನ್ 10ರಂದು ಗಾಂಧಿ ಬ್ಯಾರಿಸ್ಟರಾದರು. 12ರಂದು ಊರಿಗೆ ಹೊರಟರು. ತಾಯಿ ತೀರಿಕೊಂಡ ಸುದ್ದಿಯನ್ನು ಅಣ್ಣ ಅದುವರೆಗೆ ಮುಚ್ಚಿಟ್ಟಿದ್ದರು. ದಡ ಸೇರಿದ ಮೇಲೆ ಹೇಳಿದರು. ವಿಲಾಯತಿಯಿಂದ ಬರುವ ತಮ್ಮನಿಗಾಗಿ ಅಣ್ಣ ಮನೆಯಲ್ಲಿ ಚಹಾ, ಕಾಫಿ, ಪಿಂಗಾಣಿಯ ಸಾಮಾನುಗಳನ್ನು ಆಗಲೇ ತಂದಿರಿಸಿದ್ದರು. ತಮ್ಮ ಅದಕ್ಕೆ ಓಟ್ಸಿನ ಗಂಜಿಯನ್ನೂ ಕೋಕೋವನ್ನೂ ಸೇರಿಸಿದರು. ಲಂಡನ್ನಿನಲ್ಲಿ ಹದಿನೈದು ಆಣೆಯೊಳಗೆ ಜೀವನವನ್ನು ಹಿಡಿದಿಟ್ಟಿದ್ದ ಅದೇ ಗಂಜಿ ರಾಜಕೋಟೆಯಲ್ಲಿ ವೈಭೋಗದ ಪದಾರ್ಥವಾಯಿತು. ಮನೆಯ ಖರ್ಚು ದಿನದಿನಕ್ಕೆ ಏರಿತು. ಸಂಪಾದನೆಯಾದರೋ! ಮುಂಬಯಿಯ ಸಣ್ಣ ದಾವೆಗಳ ಕೋರ್ಟಿನಲ್ಲಿ ಮೂವತ್ತು ರೂಪಾಯಿ ಫೀಜಿನ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತವರಿಗೆ ಬಾಯಿಯೇ ಹೊರಡಲಿಲ್ಲ. ಫೀಜು ಹಿಂದಿರುಗಿಸಿ ಬಂದರು. ದಿನಕ್ಕೊಂದು ಗಂಟೆ ಇಂಗ್ಲಿಷು ಕಲಿಸಲು ತಿಂಗಳಿಗೆ 75 ರೂಪಾಯಿಯ ಉಪಾಧ್ಯಾಯರು ಬೇಕೆಂಬ ಜಾಹೀರಾತು ನೋಡಿ ಹೋದರೆ, ಪದವೀಧರನಲ್ಲವೆಂದು ಅದೂ ತಪ್ಪಿತು. ಲೇಲಿ ಸಾಹೇಬರು ಮೆಟ್ಟಿಲ ಮೇಲೆ ಹೇಳಿದ ಮಾತು ನೆನಪಾಯಿತೋ ಇಲ್ಲವೋ ತಿಳಿಯದು. ರಾಜಕೋಟೆಯಲ್ಲಿ ಅರ್ಜಿ ಬರೆದುಕೊಟ್ಟು ತಿಂಗಳಿಗೆ ಮುನ್ನೂರು ರೂಪಾಯಿ ಕಾಣತೊಡಗಿದ್ದು ಸಹ ಹೆಚ್ಚಾಗಿ ಅಣ್ಣನ ಕಡೆಯವರ ದಾಕ್ಷಿಣ್ಯದಿಂದ. 1893ರಲ್ಲಿ ದಾದಾ ಅಬ್ದುಲ್ಲಾರ ವ್ಯಾಪಾರಿ ಸಂಸ್ಥೆ 105 ಪೌಂಡಿಗೆ ದಕ್ಷಿಣ ಆಫ್ರಿಕಕ್ಕೆ ಕರೆದಾಗ ಚೌಕಾಶಿ ಮಾಡದೆ ಒಪ್ಪಿದ್ದು ಈ ಹಿನ್ನೆಲೆಯಲ್ಲಿ.

ಆ ಮೇಲಿನ ವರ್ಷಗಳಲ್ಲಿ ದುಡಿದು ಉಳಿಸಿದ್ದನ್ನೆಲ್ಲ ಅವರು ಅಣ್ಣನಿಗೇ ಕಳಿಸಿದರು. ಜೊಹಾನ್ಸ್‌ಬರ್ಗಿನಲ್ಲಿದ್ದಾಗ ಒಮ್ಮೆ, ಇದುವರೆಗೆ ಉಳಿಸಿದ್ದೆಲ್ಲ ನಿನ್ನದಾಯಿತು, ಇನ್ನು ಮುಂದೆ ಉಳಿಯುವುದು ಸಮುದಾಯದ ಪಾಲು ಎಂದು ಬರೆದರು. ತಂದೆಯಂತೆ ನಿಂತು ಕುಟುಂಬವನ್ನು ಸಾಕಿದ ಅಣ್ಣನಿಗೆ ಈ ಲೆಕ್ಕ ಅರ್ಥವಾಗಲಿಲ್ಲ. ಕಟುವಾಗಿ ಉತ್ತರ ಬರೆದು, ಬಳಿಕ ಕಾಗದವನ್ನೇ ನಿಲ್ಲಿಸಿಬಿಟ್ಟರು. ಬಹುಕಾಲ ಕಳೆದು, ಬದುಕಿನ ಕಡೆಯ ದಿನಗಳಲ್ಲಿ, ತಮ್ಮ ಮಕ್ಕಳನ್ನು ನಿನ್ನ ಮನಸ್ಸಿಗೆ ಬಂದಂತೆ ಬೆಳೆಸೆಂದು ಒಪ್ಪಿಸಿ ಕರುಳು ಕರಗುವಂಥ ಪತ್ರ ಬರೆದರು. ತಾನೂ ದಕ್ಷಿಣ ಆಫ್ರಿಕಕ್ಕೆ ಬರುತ್ತೇನೆಂದು ತಂತಿ ಕಳಿಸಿದರು. ಬನ್ನಿ ಎಂದು ತಮ್ಮ ಉತ್ತರ ಕೊಟ್ಟರು. ಹೊರಡುವ ಮೊದಲೇ, 1914ರಲ್ಲಿ, ಲಕ್ಷ್ಮೀದಾಸರು ತೀರಿಕೊಂಡರು.