ರೋಗಾಣುವಿನ ವಂಶಾವಳಿ ಮತ್ತು ಗಣಕವಿಧಾನ

ರೋಗಾಣುವನ್ನು ಮಾರಕವಾಗಿಸುವ ಅಂಶವಾವುದೆಂಬುದನ್ನು ಈಗ ಗಣಕಯಂತ್ರದ ನೆರವಿನಿಂದ ಹುಡುಕುತ್ತಾರೆ. ಇದನ್ನು ಯಂತ್ರವೇಗದ ವಿಜಯವೆಂದು ವರ್ಣಿಸುವುದು ವಾಡಿಕೆ. ಆ ವರ್ಣನೆ ಸಾಲದೆಂದು ನಮ್ಮ ಅಭಿಪ್ರಾಯ. ರೋಗಾಣುವಿನ ವಂಶಾವಳಿಯನ್ನು ಹೇಗೆ ಲೆಕ್ಕಕ್ಕೆ ಹಿಡಿಯಬೇಕೆಂಬುದೇ ಇಲ್ಲಿ ಮೊದಲಿನಿಂದಲೂ ದೊಡ್ಡ ತೊಡಕು.

1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ತರು ನ್ಯುಮೋನಿಯ ತರುವ ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯವನ್ನು ಕುರಿತ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಕೋಶದ ಸುತ್ತ ಹೊದಿಕೆಯುಳ್ಳ ಬಗೆ ಮಾರಕ, ಹೊದಿಕೆಯಿಲ್ಲದ್ದು ನಿರಪಾಯ. ಕಾಯಿಸಿ ಕೊಂದ ಮಾರಕ ಬಗೆಯನ್ನು ಜೀವಂತವಾದ ನಿರಪಾಯ ಬಗೆಯೊಡನೆ ಬೆರೆಸಿ ಚುಚ್ಚಿದಾಗ ಇಲಿಗಳು ಸತ್ತುವು. ಅವುಗಳ ರಕ್ತದಲ್ಲಿ ಹೊದಿಕೆಯುಳ್ಳ ಜೀವಂತ ಬಗೆಯೇ ದೊರೆಯಿತು. ಸತ್ತದ್ದರಿಂದ ಬದುಕಿದ್ದಕ್ಕೆ ಏನೋ ದಾಟಿತ್ತು. ಅದು ಡಿ.ಎನ್.ಎ. ಎಂದು ನ್ಯೂಯಾರ್ಕಿನಲ್ಲಿ ಏವರಿ, ಮ್ಯಾಕ್ಲಿಯಾಡ್, ಮೆಕಾರ್ಟಿ ಎಂಬ ಮೂವರು 1944ರಲ್ಲಿ ತೋರಿಸಿದರು. ಅದನ್ನು ಕೇಳಲು ಗ್ರಿಫಿತ್ತರು ಉಳಿದಿರಲಿಲ್ಲ. 1941ರ ಬಾಂಬುದಾಳಿಯಲ್ಲಿ ಅವರು ಮಡಿದಿದ್ದರು.

1995ರಲ್ಲಿ ಮೊದಲ ಬಾರಿಗೆ ಒಂದು ಬ್ಯಾಕ್ಟೀರಿಯದ ಸಂಪೂರ್ಣ ಜೀನೋಮನ್ನು ಓದಲಾಯಿತು. ಮುಂದೆ ಸಾವಿರಾರು ಜೀನೋಮುಗಳು ಕೈಗೆ ಬಂದ ಮೇಲೆ, ರೋಗಲಕ್ಷಣವಿರುವ ತಳಿಗಳಲ್ಲಿ ಮಾತ್ರ ಕಾಣುವ ಅಕ್ಷರಭೇದಗಳನ್ನು ಎಣಿಸಿದರೆ ಸಾಕೆಂದು ತೋರಬಹುದು. ಆದರೆ ಬ್ಯಾಕ್ಟೀರಿಯವು ಇಬ್ಭಾಗವಾಗಿ ಬೆಳೆಯುವುದರಿಂದ ತಾಯಿಕೋಶದ ಭೇದಗಳೆಲ್ಲ ಒಟ್ಟಾಗಿಯೇ ಸಂತತಿಗೆ ಇಳಿಯುತ್ತವೆ. ಕಾರಣವಾದ ಭೇದದೊಡನೆ ಅಕಾರಣವಾದ ನೂರು ಭೇದಗಳೂ ಸಾಕ್ಷಿ ಹೇಳುತ್ತವೆ. ಗ್ರಂಥಸಂಪಾದನೆ ಬಲ್ಲವರಿಗೆ ಇದು ಅಪರಿಚಿತವಲ್ಲ. ಒಂದೇ ಮೂಲದಿಂದ ನಕಲಾದ ಇಪ್ಪತ್ತು ಓಲೆಪ್ರತಿಗಳಲ್ಲಿ ಒಂದೇ ಪಾಠವಿದ್ದರೆ ಅದು ಇಪ್ಪತ್ತು ಸಾಕ್ಷಿಗಳ ಮಾತಲ್ಲ, ಒಂದೇ ಸಾಕ್ಷಿಯ ಮಾತು.

ಕ್ಷಯದ ಬ್ಯಾಕ್ಟೀರಿಯದಲ್ಲಿ ಈ ಕಷ್ಟ ಅತ್ಯಧಿಕ. ಅದರ ತಳಿಗಳ ನಡುವೆ ಡಿ.ಎನ್.ಎ. ವಿನಿಮಯ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು 123 ತಳಿಗಳ ವಂಶವೃಕ್ಷವನ್ನು ರಚಿಸಿ, ಔಷಧವನ್ನು ಎದುರಿಸುವ ಬೇರೆಬೇರೆ ಕೊಂಬೆಗಳಲ್ಲಿ ಸ್ವತಂತ್ರವಾಗಿ ಮತ್ತೆಮತ್ತೆ ಹುಟ್ಟಿದ ಭೇದಗಳಿಗೆ ಮಾತ್ರ ಬೆಲೆ ಕೊಟ್ಟಿತು. ಹಾಗೆ ಸಿಕ್ಕಿದ ಪೊನ್‌ಎ1 ಎಂಬ ವಂಶವಾಹಿಯ ಒಂದು ಭೇದವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ರಿಫಾಂಪಿಸಿನ್ ಔಷಧದ ಸಮ್ಮುಖದಲ್ಲಿ ಬೆಳೆಯಲು ಅದು ಅನುಕೂಲವೆಂದು ತಿಳಿಯಿತು.

ನ್ಯೂಮೊಕಾಕಸ್ಸಿನ ಸ್ಥಿತಿ ಬೇರೆ. ಗ್ರಿಫಿತ್ತರು ಇಲಿಯ ದೇಹದಲ್ಲಿ ಕಂಡ ಆ ಡಿ.ಎನ್.ಎ. ದಾಟುವಿಕೆ ಪ್ರಕೃತಿಯಲ್ಲಿಯೂ ನಡೆಯುತ್ತಲೇ ಇರುವುದರಿಂದ ಒಟ್ಟಿಗಿದ್ದ ಭೇದಗಳು ಬೇರ್ಪಡುತ್ತವೆ. ಕಾರಣವು ಅಕಾರಣದಿಂದ ಬಿಡಿಸಿಕೊಳ್ಳುತ್ತದೆ. 2014ರಲ್ಲಿ ಥಾಯ್ಲೆಂಡಿನ ಮೇಲಾ ನಿರಾಶ್ರಿತರ ಶಿಬಿರದ ಮತ್ತು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಒಟ್ಟು 3,701 ಜೀನೋಮುಗಳನ್ನು ಬಂಧುವರ್ಗಗಳಾಗಿ ವಿಂಗಡಿಸಿ, ವರ್ಗದೊಳಗೇ ಹೋಲಿಸಿ ನೋಡಲಾಯಿತು. ಪೆನಿಸಿಲಿನ್ ಜಾತಿಯ ಔಷಧಗಳನ್ನು ಎದುರಿಸುವ ಗುಣಕ್ಕೆ ಸಂಬಂಧಿಸಿದ 301 ಭೇದಗಳು ಎರಡೂ ಕಡೆ ಕಂಡುವು. ಅವುಗಳಲ್ಲಿ ಹಲವು ಪೆನಿಸಿಲಿನ್ ಅಂಟಿಕೊಳ್ಳುವ ಪ್ರೋಟೀನುಗಳ ವಂಶವಾಹಿಗಳಲ್ಲಿದ್ದುವು. ದೂರದ ಎರಡು ನೆಲೆಗಳ ಈ ಒಮ್ಮತವನ್ನೇ ನಾವು ಈ ಅಧ್ಯಯನದ ನಿಜವಾದ ಬಲವೆಂದು ಎಣಿಸುತ್ತೇವೆ.

ಔಷಧವನ್ನು ಎದುರಿಸುವ ಗುಣ ತಟ್ಟೆಯಲ್ಲಿ ಅಳೆಯಬಹುದಾದದ್ದು. ರೋಗದ ಉಗ್ರತೆ ಹಾಗಲ್ಲ. ನೆದರ್ಲೆಂಡಿನ ಮಿದುಳುಪೊರೆಯ ಉರಿಯೂತದ ರೋಗಿಗಳನ್ನೂ ಅವರ ದೇಹದಲ್ಲಿದ್ದ ನ್ಯೂಮೊಕಾಕಸ್ಸನ್ನೂ ಒಟ್ಟಿಗೆ ಪರೀಕ್ಷಿಸಿದ 2019ರ ಅಧ್ಯಯನದಲ್ಲಿ, ದೇಹದೊಳಕ್ಕೆ ನುಗ್ಗುವ ಸಾಮರ್ಥ್ಯಕ್ಕೆ ಬ್ಯಾಕ್ಟೀರಿಯದ ಜೀನೋಮು ಬಹುಮಟ್ಟಿಗೆ ಹೊಣೆಯೆಂದು ಕಂಡಿತು. ಒಳಹೊಕ್ಕ ಮೇಲೆ ರೋಗ ಎಷ್ಟು ಉಗ್ರವಾಗುವುದೆಂಬುದರಲ್ಲಿ ಅದರ ಪಾಲು ಕಾಣಲಿಲ್ಲ. ರೋಗಿಯ ಅನುವಂಶಿಕತೆಯ ಪಾಲು ಕಂಡಿತು.